ಲ್ಯಾಪ್‌ಟಾಪಿಗೆ ಜಾಮೀನು ನಿಂತವರು

ನಮ್ಮ ಪಕ್ಕದ ಮನೆಯ ಕಾಕಾ ತೀರಿಕೊಂಡ ದಿನ ಮಣ್ಣಿಗೆ ಬಂದವರಲ್ಲಿ ಅರ್ಧದಷ್ಟು ಜನ ಅವರ ಬಳಗದವರಲ್ಲ. ಅವರು ಆರಿಸಿ ಕೊಟ್ಟ ಫ್ರಿಜ್ಜು, ಕೂಲರು, ಬೋರಿನ ಮೋಟಾರು, ಹಿಟ್ಟಿನ ಗಿರಣಿಗಳ ಮಾಲೀಕರು. ಅಂಗಳದ ಜಮಖಾನೆಯ ಮೇಲೆ ಕೂತು ಟವಲ್ಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ, ‘ನಮ್ಮ ವಾಷಿಂಗ್ ಮಷೀನು ಅವರ ನೋಡಿ ಕೊಡಸಿದ್ದು. ಇನ್ನೂ ಗಟ್ಟಿ ಐತಿ’ ಎಂದು ಒಬ್ಬರು ಅಂದರೆ, ‘ನಮ್ಮದು ಮೊದಲ ಬ್ಯಾಸಗಿಗೇ ಕೂತ್ಬಿಡ್ತು. ಆದ್ರ ಮನುಷ್ಯಾ ಭಾಳ ಛಲೋ’ ಎಂದು ಇನ್ನೊಬ್ಬರು. ಕಾಕಾ ಆರಿಸಿದ ವಸ್ತು ಕೆಡುತ್ತಲೇ ಇರಲಿಲ್ಲ ಎಂದೇನಲ್ಲ. ಉಳಿದವರ ಮನೆಯ ವಸ್ತು ಎಷ್ಟು ಕೆಡುತ್ತಿದ್ದವೋ ಅಷ್ಟೇ ಇವೂ ಕೆಡುತ್ತಿದ್ದವು. ಆದರೂ ಕೊಪ್ಪಳದ ನಮ್ಮ ಓಣಿಯಲ್ಲಿ ಅವರನ್ನು ಬಿಟ್ಟು ಯಾರೂ ಒಂದು ಇಸ್ತ್ರಿ ಪೆಟ್ಟಿಗೆಯನ್ನೂ ಕೊಂಡವರಲ್ಲ.

ಅವರ ಮೂಲ ಹನುಮಸಾಗರದ ಕಡೆ. ನೌಕರಿ ಸೊಸೈಟಿಯ ಗೋದಾಮಿನಲ್ಲಿ, ಗೊಬ್ಬರದ ಚೀಲಗಳ ನಡುವೆ. ಆದರೆ ಹೆಸರು ಬಂದದ್ದು ಎತ್ತಿನ ಸಂತೆಯಲ್ಲಿ. ಆ ಕಾಲಕ್ಕೆ ಎತ್ತು ಕೊಳ್ಳುವವರು ಕಾಕಾರನ್ನು ಬೆನ್ನಿಗೆ ಕಟ್ಟಿಕೊಂಡೇ ಸಂತೆಗೆ ಹೋಗುತ್ತಿದ್ದರಂತೆ. ಹಲ್ಲು ನೋಡುವರು, ಗೊರಸು ಎತ್ತಿ ನೋಡುವರು, ಮೈಮೇಲಿನ ಸುಳಿ ಎಲ್ಲೆಲ್ಲಿ ಇದೆಯೆಂದು ಕೈಯಾಡಿಸುವರು, ನಾಲ್ಕು ಹೆಜ್ಜೆ ನಡೆಸಿ ನೋಡುವರು. ದಲಾಲಿ ಮುಟ್ಟುತ್ತಿರಲಿಲ್ಲ, ಒಂದು ಕಪ್ ಚಹಾ ಆದರೆ ಆಯಿತು. ಆದರೆ ಆ ಕಡೆ ಒಂದು ರೂಢಿ ಇತ್ತು. ‘ಹಿಡೀರಿ’ ಎಂದು ಎತ್ತಿನ ಹಗ್ಗವನ್ನು ಕೊಳ್ಳುವವನ ಕೈಗೆ ಕೊಡಿಸಿದವನೇ ಆ ಎತ್ತಿಗೆ ಜಾಮೀನು. ಬಿತ್ತಿಗೆಯ ಹೊತ್ತಿಗೆ ಎತ್ತು ಕುಂಟಿದರೆ, ನೊಗಕ್ಕೆ ಬಗ್ಗದಿದ್ದರೆ, ಅವನು ತನ್ನ ಮನೆಯ ಎತ್ತು ತಂದು ಹೂಡಿ ಕೊಡಬೇಕು. ಇದನ್ನು ಯಾರೂ ಬರೆದುಕೊಂಡದ್ದಿಲ್ಲ, ಯಾರೂ ತಪ್ಪಿದ್ದೂ ಇಲ್ಲವಂತೆ.

ಮುಂದೆ ಟ್ರ್ಯಾಕ್ಟರುಗಳು ಬಂದವು. ಕಾಕಾ ಹೊಲ ಗೇಣಿಗೆ ಕೊಟ್ಟು ಕೊಪ್ಪಳಕ್ಕೆ ಬಂದು ಮನೆ ಮಾಡಿದರು. ಎತ್ತು ಹೋದವು, ವಿದ್ಯೆ ಮಾತ್ರ ಮೈಯಲ್ಲಿ ಉಳಿಯಿತು. ಉಳಿದ ವಿದ್ಯೆಯನ್ನು ಏನಾದರೂ ಮಾಡಬೇಕಲ್ಲ, ಮಿಕ್ಸರಿಗೆ ಹಚ್ಚಿದರು.

ಅಂಗಡಿಯಲ್ಲಿ ಅವರನ್ನು ನೋಡುವುದೇ ಒಂದು ಚೆಂದ. ಫ್ರಿಜ್ಜಿನ ಬಾಗಿಲು ತೆಗೆದು ದವಡೆ ನೋಡುವ ಹಾಗೆ ಒಳಗೆ ಬಗ್ಗುವರು. ಬೆನ್ನ ಮೇಲೆ ಅಂಗೈ ಬಡಿದು ಕಿವಿ ಕೊಡುವರು. ವಾಷಿಂಗ್ ಮಷೀನನ್ನು ಖಾಲಿ ತಿರುಗಿಸಲು ಹೇಳಿ ಮಗ್ಗುಲಿಗೆ ನಿಲ್ಲುವರು. ಹಿಂದೆ ಮಾತ್ರ ಯಾವತ್ತೂ ನಿಂತವರಲ್ಲ, ಒದೆಸಿಕೊಂಡ ಅನುಭವ ಇತ್ತೋ ಏನೋ. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುವಾಕೆ, ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಅನ್ನುತ್ತಿದ್ದಳು: ‘ಊರಿಗೆಲ್ಲ ಆರಿಸಿ ಕೊಡ್ತಾರ ನೋಡವಾ ಇವ್ರು. ನಮ್ಮ ಮನಿ ಮಿಕ್ಸರ್ ಹಾಕಿದ್ರ ಓಣ್ಯಾಗಿನ ನಾಯಿ ಎಲ್ಲಾ ಬೊಗಳ್ತಾವ.’

‘ಬೊಗಳ್ಲಿ ಬಿಡ. ಕಳ್ಳ ಬರೂದಿಲ್ಲ’ ಎಂದು ಕಾಕಾ.

ನನ್ನ ಲ್ಯಾಪ್‌ಟಾಪಿನ ಪ್ರಸಂಗ ಬಂದದ್ದು ಹೋದ ವರ್ಷ. ನಾನು ಬಹಳ ವರ್ಷ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಕೂಡಿಸುವ ಕೆಲಸಕ್ಕಿದ್ದೆ. ಮಾಲೀಕರು ಅಂಗಡಿ ಮುಚ್ಚಿ ಮೊಬೈಲ್ ಕವರಿನ ವ್ಯಾಪಾರಕ್ಕೆ ಇಳಿದರು. ಗಂಗಾವತಿಯ ಒಂದು ಪ್ರೆಸ್ಸಿನವರು, ‘ಸ್ವಂತ ಮಷೀನ್ ಇದ್ರ ಮನ್ಯಾಗ ಕುಂತು ಮಾಡಿ ಕಳಸ್ರಿ ಅಕ್ಕಾರ. ಎರಡು ಸೀಜನ್ ಛಲೋ ಮಾಡಿಕೊಟ್ರ ಕೆಲಸ ಕಾಯಂ ನಿಮಗ. ನಡುವ ಕೈ ಕೊಟ್ರ ಮಾತ್ರ ಬ್ಯಾರೆಯವರನ್ನ ನೋಡ್ಕೋತೀವಿ’ ಎಂದರು. ಕೂಡಿಟ್ಟದ್ದನ್ನೆಲ್ಲ ಒಟ್ಟು ಮಾಡಿದರೆ ಒಂದು ಲ್ಯಾಪ್‌ಟಾಪ್ ಬರುತ್ತಿತ್ತು. ಎರಡನೆಯದು ಬರುತ್ತಿರಲಿಲ್ಲ. ಅದು ಕೆಟ್ಟರೆ ನನ್ನ ಅನ್ನವೇ ಕೆಟ್ಟ ಹಾಗೆ.

ಕಾಕಾ ಇಸ್ತ್ರಿ ಅಂಗಿ ತೊಟ್ಟು ಬಂದರು. ಅಂಗಡಿಯಲ್ಲಿ ಟೈ ಕಟ್ಟಿದ ಸೇಲ್ಸಿನವರೊಬ್ಬರು ಮೂರು ನಮೂನೆ ತೆರೆದು ತೋರಿಸಿದರು. ಕಾಕಾ ನಡುವಿನದನ್ನು ಅಂಗಾತ ಮಾಡಿ, ಹೊಟ್ಟೆಯ ಮೇಲೆ ಕೈಯಾಡಿಸಿ, ಮತ್ತೆ ಬೋರಲು ಇಟ್ಟು, ಸಂತೆಯಲ್ಲಿ ಮೊಟ್ಟಮೊದಲು ಕೇಳುವ ಪ್ರಶ್ನೆಯನ್ನು ಕೇಳಿದರು.

‘ಇದನ್ನ ಯಾಕ ಮಾರಾಕ ಹತ್ತೀರಿ?’

ಟೈಯವರು ನನ್ನ ಮುಖ ನೋಡಿದರು. ‘ಸರ್, ಇದು ಅಂಗಡಿ ಐತ್ರಿ.’

‘ಅಂಗಡಿ ಅಂತ ಗೊತ್ತೈತಿ ತಮ್ಮಾ. ಛಲೋ ದುಡಿಯೂದನ್ನ ಯಾರೂ ಮಾರೂದಿಲ್ಲ. ಇದರಾಗ ಏನು ಐಬ ಐತಿ, ಖರೆ ಹೇಳಿಬಿಡ್ರಿ.’

‘ಏನೂ ಐಬ ಇಲ್ರಿ ಸರ್. ಹೊಸಾ ಪೀಸ್ ಐತಿ.’

‘ನಡೆಸಿ ತೋರಸ್ರಿ.’

ನಡೆಸಿ ತೋರಿಸಿದರು. ಫ್ಯಾನಿನ ಗಾಳಿ ಬರುವ ಕಡೆ ಕಾಕಾ ಅಂಗೈ ಹಿಡಿದು, ‘ಉಸಿರು ಸ್ವಚ್ಛ ಐತಿ’ ಎಂದು ನನಗೆ ಹೇಳಿದರು. ನಾನು ಹೂಂ ಎಂದೆ. ಬೇರೆ ಏನು ಅನ್ನುವುದು?

ಇನ್ನೇನು ಬಿಲ್ಲು ಆಗಬೇಕು, ಟೈಯವರು ದನಿ ತಗ್ಗಿಸಿ ಎಕ್ಸ್‌ಟೆಂಡೆಡ್ ವಾರಂಟಿಯ ಮಾತು ತೆಗೆದರು. ಕಂಪನಿಯದು ಒಂದು ವರ್ಷ ಇದ್ದೇ ಇದೆ. ಮೇಲೆ ಸ್ವಲ್ಪ ಕೊಟ್ಟರೆ ಇನ್ನೂ ಎರಡು ವರ್ಷ ಯಾವ ಚಿಂತೆಯೂ ಇಲ್ಲ. ನಾನು ಮನೆಯಿಂದ ಹೊರಡುವಾಗಲೇ ಅದಕ್ಕೆಂದು ಒಂದಿಷ್ಟು ಬೇರೆ ಕಟ್ಟಿಟ್ಟುಕೊಂಡು ಬಂದಿದ್ದೆ. ಪರ್ಸಿಗೆ ಕೈ ಹಾಕುವಷ್ಟರಲ್ಲಿ ಕಾಕಾ ನಡುವೆ ಬಂದರು.

‘ಎಲ್ಲಾ ಕವರ್ ಆಗತೈತೇನ್ರಿ?’

‘ಎಲ್ಲಾ ಆಗತೈತ್ರಿ ಸರ್. ನೀರು ಬಿದ್ರ ಆಗೂದಿಲ್ಲ.’

‘ಹೂಂ.’

‘ಕೆಳಗ ಬಿದ್ದು ಒಡದ್ರ ಆಗೂದಿಲ್ಲ. ಇಲಿ ಕಡದ್ರ, ಕರೆಂಟ್ ಜಾಸ್ತಿ ಬಂದು ಸುಟ್ರ, ಇರಿವಿ ಹೊಕ್ರ ಆಗೂದಿಲ್ಲ. ಬ್ಯಾಟರಿ, ಚಾರ್ಜರ್ ಬರೂದಿಲ್ಲ.’

‘ಮತ್ತ ಉಳದದ್ದೇನು?’

‘ತಾನಾಗೇ ಕೆಟ್ರ ಪೂರಾ ಫ್ರೀ ಸರ್.’

‘ಈ ಭೂಮಿ ಮ್ಯಾಲ ತಾನಾಗೇ ಯಾವುದು ಕೆಡತೈತ್ರಿ?’ ಎಂದರು ಕಾಕಾ. ಟೈಯವರಿಗೆ ಇದಕ್ಕೆ ತರಬೇತಿ ಕೊಟ್ಟಿರಲಿಲ್ಲ. ಕಾಕಾ ನನ್ನ ಕಡೆ ತಿರುಗಿದರು. ‘ನೋಡವಾ ತಂಗಿ, ಸಂತ್ಯಾಗ ಎತ್ತು ಮಾರಿದಾಂವ, ಹಗ್ಗ ಕೈಯಾಗ ಕೊಡೂಮುಂದ, “ಮ್ಯಾಲ ಇಷ್ಟು ಕೊಡ್ರಿ, ಮುಂದ ಕುಂಟಿದ್ರ ಔಷಧಿ ನಂದು” ಅಂದ್ರ ಆ ಎತ್ತು ಯಾರರ ಹಿಡೀತಾರೇನು? ಹಗ್ಗ ಅಲ್ಲೇ ಒಗದು ಬರ್ತಾರ. ಮಾರಾಂವನೇ ಕೆಡತೈತಿ ಅಂತ ಶರ್ತು ಕಟ್ಟಾಕ ಹತ್ಯಾನ.’

‘ಎತ್ತಿಗೂ ಈಗ ವಿಮಾ ಐತಲ್ರಿ ಸರ್’ ಎಂದರು ಟೈಯವರು, ಪಾಪ, ಕೊನೆಯ ಆಸೆಯಿಂದ.

‘ಐತಿ. ಸತ್ತ ಮ್ಯಾಲ ವಿಮಾದ ಬಿಲ್ಲೆ ಹಾಕಿದ್ದ ಕಿವಿ ಕೊಯ್ಕೊಂಡು ಬಾ ಅಂತಾರ. ಇದರ ಕಿವಿ ಎಲ್ಲೈತಿ ತೋರಸ್ರಿ, ಈಗ ನೋಡಿ ಇಟ್ಕೋತೀವಿ.’

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಪರ್ಸಿನಿಂದ ಕೈ ತೆಗೆದಿರಲಿಲ್ಲ. ಅದು ಕಾಕಾರ ಕಣ್ಣಿಗೆ ಬಿತ್ತು. ‘ಯಾಕವಾ, ಅಂಜಿಕಿ ಆಗತೈತೇನು? ನಾ ಅದೀನಲ್ಲ ಜಾಮೀನು. ಕೆಟ್ರ ನನ್ನ ಕೇಳು’ ಎಂದರು.

ಹಾಗೆಂದ ಮೇಲೆ ವಾರಂಟಿ ಕೊಳ್ಳುವುದು ಸಾಧ್ಯವಿರಲಿಲ್ಲ. ಕೊಂಡರೆ, ನಿಮ್ಮ ಮಾತಿಗಿಂತ ಆ ಟೈಯವರ ಕಾಗದ ದೊಡ್ಡದು ಎಂದು ಅಂಗಡಿ ತುಂಬ ಜನರ ಮುಂದೆ ಹೇಳಿದ ಹಾಗೆ. ಪಕ್ಕದ ಮನೆಯವರ ಮುಖ ದಿನಾ ನೋಡಬೇಕು. ಕಂಪನಿಯ ಮುಖ ಯಾರು ನೋಡಿದ್ದಾರೆ? ಬಿಲ್ಲಿಗೆ ಫೋನ್ ನಂಬರು ಕೇಳಿದಾಗ ಕಾಕಾ ತಮ್ಮದನ್ನೇ ಕೊಟ್ಟರು. ಜಾಮೀನು ತಾವಲ್ಲವೇ.

ಮರುದಿನದಿಂದ ಬೆಳಿಗ್ಗೆ ನೀರು ತುಂಬುವ ಹೊತ್ತಿಗೆ ನಮ್ಮ ಮನೆಗೆ ಬರತೊಡಗಿದರು. ಕೊಡಿಸಿದ ಎತ್ತನ್ನು ಹೋಗಿ ನೋಡಿ ಬರುವುದೂ ಜಾಮೀನಿನ ಕೆಲಸವೇ. ‘ರಾತ್ರಿ ಎಷ್ಟು ದುಡಸಿದಿ? ಬಿಸಿ ಆಗಿತ್ತೇನು?’ ಎಂದು ಹೊಟ್ಟೆ ಮುಟ್ಟಿ ನೋಡುವರು. ಜಾಸ್ತಿ ದುಡಿಸಿದ ದಿನ ಅರ್ಧ ತಾಸು ಮುಚ್ಚಿಡಲು ಹೇಳಿ ಎದುರಿಗೇ ಕೂತು ಕಾಯುವರು. ಮದುವೆ ಸುಗ್ಗಿಯ ಕೆಲಸ ಎಷ್ಟೇ ಇದ್ದರೂ ನಾನು ಮುಚ್ಚಿಡಬೇಕು, ಅವರಿಗೆ ಚಹಾ ಮಾಡಬೇಕು. ಕಂಪನಿಯ ವಾರಂಟಿಯಲ್ಲಿ ಈ ತಾಪತ್ರಯ ಇರುತ್ತಿರಲಿಲ್ಲ ಎಂದು ಒಮ್ಮೊಮ್ಮೆ ಅನಿಸಿದ್ದುಂಟು.

ಇನ್ನು ಫೋನುಗಳು. ಕಂಪನಿಯ ವರ್ಷ ಮುಗಿಯುತ್ತ ಬಂದ ಹಾಗೆ, ವಾರಂಟಿ ಮುಂದುವರಿಸಿಕೊಳ್ಳಿ ಎಂದು ಹೇಳಲು ಒಂದು ಹುಡುಗಿ ಕಾಕಾರಿಗೆ ಫೋನು ಮಾಡತೊಡಗಿದಳು. ‘ಸರ್, ನಿಮ್ಮ ಲ್ಯಾಪ್‌ಟಾಪ್ ಹೇಗಿದೆ?’ ಎಂದು ಆಕೆ ಶುರುಮಾಡುವುದು. ಕಾಕಾ ಅಷ್ಟಕ್ಕೇ ಕರಗಿಬಿಡುತ್ತಿದ್ದರು. ಮಾರಿ ರೊಕ್ಕ ಎಣಿಸಿಕೊಂಡ ಮೇಲೆ ಎತ್ತು ಹೇಗಿದೆ ಎಂದು ಕೇಳುವ ಮಾಲೀಕ ಸಂತೆಯಲ್ಲಿ ನೂರಕ್ಕೊಬ್ಬನೂ ಸಿಗುವುದಿಲ್ಲ. ಇವರೋ ಮಗಳನ್ನು ಕೊಟ್ಟ ಮನೆಯವರ ಹಾಗೆ ವಾರವಾರ ಕೇಳುತ್ತಾರೆ.

‘ಛಲೋ ಐತವಾ, ನೀ ಏನೂ ಚಿಂತಿ ಮಾಡಬ್ಯಾಡ. ನಮ್ಮ ತಂಗಿ ಕೂಸಿನಂಗ ನೋಡ್ಕೊಂಡಾಳ. ನಿಂದು ಊಟ ಆತೇನು? ಯಾವೂರಾಕಿ ನೀನು?’

‘ಸರ್, ನಮ್ಮದು ಹಾಸನ. ಸರ್, ವಾರಂಟಿ ಎಕ್ಸ್‌ಟೆಂಡ್ ಮಾಡೋದಕ್ಕೆ ಇದೇ ಕೊನೇ ವಾರ...’

‘ಅದಕ್ಕೇನಾಗೂದಿಲ್ಲವಾ, ನಾ ಅದೀನಿ. ನೀ ಬಿಸಲಾಗ ತಿರಗಬ್ಯಾಡ.’

ಆಕೆ ಎಷ್ಟು ಹೇಳಿದರೂ ಕಾಕಾರಿಗೆ ಅದು ಕಾಳಜಿಯಾಗಿಯೇ ಕೇಳಿಸುತ್ತಿತ್ತು. ಫೋನಿಟ್ಟು ಕಾಕುಗೆ, ‘ನೋಡಿದೇನು, ಎಂಥಾ ಮನಿತನ! ನಾ ಅವತ್ತು ಆ ಟೈಯವರಿಗೆ ಸುಮ್ಮ ಬೈದೆ’ ಎಂದರು. ‘ಬೈದದ್ದು ಬೈದೀರಿ, ಆ ಹುಡುಗಿಗೆ ಒಂದು ವರಾ ನೋಡಿಬಿಡ್ರಿ. ಅದೂ ನೀವ ಆರಿಸಿಕೊಡ್ರಿ’ ಎಂದಳು ಕಾಕು.

ಕಂಪನಿಯ ವರ್ಷ ಮುಗಿಯಿತು. ಆಮೇಲೆ ಬಹಳ ದಿನ ಆಗಿರಲಿಲ್ಲ, ಈ ವರ್ಷದ ಮದುವೆಗಳು ಜೋರಾದ ಹೊತ್ತಿಗೆ ಒಂದು ಮಧ್ಯಾಹ್ನ ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಮತ್ತೆ ಬೆಳಗಲಿಲ್ಲ. ನೀರು ಬಿದ್ದಿರಲಿಲ್ಲ, ಇಲಿ ಕಡಿದಿರಲಿಲ್ಲ, ಕರೆಂಟೂ ಸರಿಯಾಗಿತ್ತು. ತಾನಾಗೇ ಕೆಟ್ಟಿತ್ತು.

ಅಂಗಡಿಗೆ ಒಯ್ದರೆ ಟೈಯವರು ಬಳ್ಳಾರಿಗೋ ಎಲ್ಲಿಗೋ ಹೋಗಿಯಾಗಿತ್ತು. ಅವರ ಜಾಗದಲ್ಲಿದ್ದವರು ನೋಡಿ, ‘ಬೋರ್ಡ್ ಹೋಗೈತ್ರಿ. ಹೊಸಾದು ತಗೊಳ್ಳೂದು ವಾಸಿ. ಎಕ್ಸ್‌ಟೆಂಡೆಡ್ ಇದ್ದಿದ್ರ ನಡೀತಿತ್ರಿ’ ಎಂದರು. ಕಾಕಾ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬಂದರು. ಮನೆಗೆ ಬಂದು ಕಟ್ಟೆಯ ಮೇಲೆ ಲ್ಯಾಪ್‌ಟಾಪನ್ನು ಮಗ್ಗುಲಿಗಿಟ್ಟುಕೊಂಡು ಕೂತರು. ಅಷ್ಟರಲ್ಲಿ ಹಾಸನದ ಹುಡುಗಿಯ ಫೋನು ಬಂತು, ಈ ಸಲ ಬೇರೆ ಯಾವುದೋ ಆಫರಿಗೆ. ‘ಸರ್, ಲ್ಯಾಪ್‌ಟಾಪ್ ಹೇಗಿದೆ?’

ಕಾಕಾ ಮಗ್ಗುಲಲ್ಲಿದ್ದ ಹೆಣವನ್ನು ಒಮ್ಮೆ ನೋಡಿದರು. ‘ಛಲೋ ಐತವಾ’ ಎಂದರು.

‘ಯಾಕ ಕಾಕಾ ಸುಳ್ಳು ಹೇಳಿದ್ರಿ?’ ಎಂದು ಕೇಳಿದೆ. ನನಗೆ ಸಿಟ್ಟೇ ಬಂದಿತ್ತು.

‘ದೂರದ ಹುಡುಗಿ. ಹೊಟ್ಟ್ಯಾಗ ಕಿಚ್ಚು ಬೀಳತೈತಿ ಅದಕ್ಕ.’

ನನ್ನ ಹೊಟ್ಟೆಯಲ್ಲಿ ಬಿದ್ದ ಕಿಚ್ಚನ್ನು ನಾನು ಹೇಳಲಿಲ್ಲ. ಗಂಗಾವತಿಯ ಕಾರ್ಡುಗಳು ಅರ್ಧಕ್ಕೆ ನಿಂತಿದ್ದವು. ಪ್ರೆಸ್ಸಿನವರು ಅಂದಂತೆ ಬೇರೆಯವರನ್ನು ನೋಡಿಕೊಂಡರೆ, ಮತ್ತೆ ಕರೆಯುವುದಿಲ್ಲ. ಕಾಕಾರಿಗೆ ಅದು ಗೊತ್ತಿತ್ತು. ಎದ್ದು ನಿಂತು, ‘ಬಸ್ಸಿನ ಹೊತ್ತಾತು, ನಡಿ ಕುಷ್ಟಗಿಗೆ’ ಎಂದರು.

ಕುಷ್ಟಗಿಯಲ್ಲಿ ಅವರ ಹೆಂಡತಿಯ ತಂಗಿಯ ಮಗ ಇದ್ದ, ವಿಮೆ ಮಾಡಿಸುವ ಏಜೆಂಟ. ಆತ ಹಿಂದೊಮ್ಮೆ ಕಾಕಾರನ್ನು ಕರೆಯದೆ, ಇಡೀ ಬಳಗದಲ್ಲಿ ಅವನೊಬ್ಬನೇ, ತಾನೇ ಹೋಗಿ ಲ್ಯಾಪ್‌ಟಾಪ್ ತಂದಿದ್ದ. ಎಕ್ಸ್‌ಟೆಂಡೆಡ್ ವಾರಂಟಿ, ಬಿದ್ದು ಒಡೆದರೆ ಬೇರೆ ವಾರಂಟಿ, ಪರದೆಗೆ ಬೇರೆ, ಬ್ಯಾಟರಿಗೆ ಬೇರೆ. ನಾವು ಹೋದಾಗ ಅಲ್ಮೇರಾದ ಬೀಗ ತೆಗೆದ. ಟವಲ್ಲು, ಅದರೊಳಗೆ ಹಳೆಯ ಸೀರೆ, ಅದರೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಲ್ಯಾಪ್‌ಟಾಪ್. ಹಣೆಗೆ ಕುಂಕುಮ ಇತ್ತು, ಮಹಾನವಮಿಯದು.

‘ಒಮ್ಮೆಯೂ ಚಾಲೂ ಮಾಡಿಲ್ಲೇನಪಾ?’ ಎಂದೆ.

‘ಹಚ್ಚಿದ್ರ ಕೆಡತೈತ್ರಿ ಅಕ್ಕಾರ. ಧೂಳಿನ ಊರಿದು. ಎಲ್ಲಾ ವಾರಂಟಿ ಮಾಡಸೀನಿ, ಹಾಳು ಮಾಡ್ಕೋಬಾರದಲ್ರಿ.’

ಕಾಕಾ ಸುತ್ತಿ ಬಳಸಿ ಮಾತಾಡಲಿಲ್ಲ. ‘ಮದಿವಿ ಸೀಜನ್ ಮುಗಿಯೂಮಟ ಇದನ್ನ ಕೊಡು. ಈಕಿ ಕೆಲಸ ನಿಂತೈತಿ’ ಎಂದರು. ಆತ ಬಹಳ ಹೊತ್ತು ತಲೆ ಕೆರೆದುಕೊಂಡ. ಹೆಂಡತಿಯನ್ನು ಒಳಗೆ ಕರೆದು ಪಿಸುಗುಟ್ಟಿ ಬಂದ. ಕೊನೆಗೆ, ‘ನೀವು ಜಾಮೀನಾದ್ರ ಒಯ್ರಿ ದೊಡ್ಡಪ್ಪಾ’ ಎಂದ.

‘ನಿಂದು ನಾಕ್ ನಮೂನಿ ವಾರಂಟಿ ಐತಲ್ಲೋ ಮಾರಾಯಾ!’

‘ಐತ್ರಿ. ಆದ್ರ ಫೋನ್ ಹಚ್ಚಿದ್ರ ಒಂದು ಒತ್ರಿ, ಎರಡು ಒತ್ರಿ ಅಂತೈತಿ. ಮಂದಿ ಎತ್ತೂದಿಲ್ಲ. ನೀವಾದ್ರ ಎದುರಿಗಿರ್ತೀರಿ, ಕೇಳಾಕ ಬರತೈತಿ.’

ಕಾಕಾ ಜಾಮೀನು ನಿಂತರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊಪ್ಪಳದವರೆಗೂ ಎರಡೂ ಕೈಯಿಂದ ಹಿಡಿದೇ ಬಂದರು. ಪಕ್ಕದವರ ಚೀಲದಿಂದ ನಿಂಬೆಹಣ್ಣೊಂದು ಉರುಳಿ ಅವರ ಕಾಲಡಿಗೆ ಬಂದರೂ ಎತ್ತಿಕೊಡಲು ಬಗ್ಗಲಿಲ್ಲ. ಆ ಲ್ಯಾಪ್‌ಟಾಪ್ ಎಷ್ಟು ಚುರುಕೆಂದರೆ, ಪಾಪ, ಇಷ್ಟು ದಿನ ಕಟ್ಟಿಹಾಕಿದ್ದಕ್ಕೇ ಓಡುತ್ತಿದೆಯೇನೋ ಎನ್ನುವಂತೆ ಓಡಿತು. ನಿಂತಿದ್ದ ಕಾರ್ಡುಗಳು ಹೋದವು, ಹೊಸವು ಬಂದವು. ಕಾಕಾ ಎಂದಿನಂತೆ ಬಂದು ಹೊಟ್ಟೆ ಮುಟ್ಟಿ ನೋಡಿ ಹೋಗುವರು, ಈಗ ಚಹಾ ಕುಡಿಯದೆ. ಕೆಟ್ಟ ಎತ್ತು ಹಿಡಿಸಿದ ಮನೆಯಲ್ಲಿ ಲೆಕ್ಕ ತೀರುವವರೆಗೆ ಏನೂ ಮುಟ್ಟಬಾರದಂತೆ. ಎಷ್ಟು ಹೇಳಿದರೂ ಕೇಳಲಿಲ್ಲ.

ಸೀಜನ್ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಮಣ್ಣಾದ ಮೇಲೆ ಮಾತಾಡಿಸಲು ಬರುವವರ ಸಾಲು ಹತ್ತಿತು. ಕಾಕು ಗೋಡೆಗೆ ಒರಗಿ ಕೂತವಳು ಯಾರು ಬಂದರೂ ಬಾಯಿ ಬಿಡಲಿಲ್ಲ. ಕುಷ್ಟಗಿಯ ಹುಡುಗನೂ ಬಂದ. ಅತ್ತ. ಮುಖ ತೊಳೆದುಕೊಂಡ. ಆಮೇಲೆ ನಾನು ಕೂತಿದ್ದ ಕಂಬದ ಹತ್ತಿರ ಸರಿದು, ಸಣ್ಣ ದನಿಯಲ್ಲಿ ಶುರುಮಾಡಿದ.

‘ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ದೊಡ್ಡಪ್ಪಾರ ಮುಖಾ ನೋಡಿ ಕೊಟ್ಟಿದ್ದೆ. ಈಗ ಅವರ ಹೋದ್ರು. ಇನ್ನ ಅದಕ್ಕ ಜಾಮೀನು ಯಾರು ಅಂತ...’

ಅವನದು ಅನ್ಯಾಯದ ಮಾತೂ ಅಲ್ಲ. ಮನೆಯಲ್ಲಿ ಹುಲಿಹೈದರದ ಒಂದು ಮದುವೆಯ ಕಾರ್ಡು ಅರ್ಧಕ್ಕೆ ತೆರೆದಿತ್ತು. ಅದರ ಹಿಂದೆ ಇನ್ನೂ ಎಂಟು-ಹತ್ತು ಇದ್ದವು. ಒಯ್ಯಪ್ಪಾ ಎನ್ನಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಕಡೆಯಿಂದ ದನಿ ಬಂತು.

‘ನಾನ ಅದೀನಿ.’

ಕೂತಿದ್ದವರೆಲ್ಲ ತಿರುಗಿದರು. ಆತನಿಗೆ ನಾಚಿಕೆಯಾಯಿತು, ಆದರೆ ಏಜೆಂಟನಲ್ಲವೇ, ಸಂಶಯ ಬಿಡಲಿಲ್ಲ. ‘ಅದು ಲ್ಯಾಪ್‌ಟಾಪ್ ಐತ್ ದೊಡ್ಡವ್ವಾ. ನಿನಗ ಅದರಾಗಿಂದು ಏನು ತಿಳೀತೈತಿ?’

‘ನಿಮ್ಮ ದೊಡ್ಡಪ್ಪಗ ಏನು ತಿಳೀತಿತ್ತು?’

ಮೂಲೆಯಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡರು. ಕಾಕು ಮಾತ್ರ ನಗಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಸ್ವಲ್ಪ ಮುಂದೆ ಬಂದಳು.

‘ಮಂದಿ ಎತ್ತು ಕುಂಟಿದಾಗೆಲ್ಲ ನಮ್ಮ ಎತ್ತು ಹೊಡಕೊಂಡು ಹೋಗಿ ಅವರ ಹೊಲ ಬಿತ್ತಿ ಕೊಟ್ಟು ಬರ್ತಿದ್ರು ಇವ್ರು. ಎಲ್ಲಾರೂ ಕೈ ಮುಗೀತಿದ್ರು. ಅವತ್ತು ನಮ್ಮ ಹೊಲದಾಗ ಮಳಿ ಹಸಿ ಆರಾಕ ಹತ್ತಿರತಿತ್ತು. ಕುರ್ಪಿ ಹಿಡದು ಕೈಯಿಂದ ಕಾಳು ಊರಿದಾಕಿ ಯಾರಂತ ಮಾಡೀಯಪಾ? ಒಂದು ಬಿತ್ತಿಗೀನೂ ತಪ್ಪಿಸಿಲ್ಲ ನಾನು. ಅವರು ಜಾಮೀನು ಅಂತ ಬಾಯಿಲೆ ಅಂದ್ರು, ನಿಂತಾಕಿ ನಾನು. ಸೀಜನ್ ಮುಗೀಲಿ, ನಾನ ತಂದು ನಿನ್ನ ಅಲ್ಮೇರಾದಾಗ ಇಡ್ತೀನಿ. ಈಗ ಮ್ಯಾಲೇಳು, ಊಟ ಮಾಡಿ ಬಸ್ಸಿಗೆ ಹೋಗು.’

ಆತ ಎದ್ದ. ಉಂಡ. ಹೋಗುವಾಗ ಕಾಕುವಿನ ಕಾಲು ಮುಟ್ಟಿ, ನನ್ನ ಕಡೆ ತಿರುಗಿ, ‘ಚಾರ್ಜರ್ ಅಷ್ಟ ಜ್ವಾಕಿ ರೀ ಅಕ್ಕಾರ’ ಎಂದ. ಕಾಕು ಮತ್ತೆ ಗೋಡೆಗೆ ಒರಗಿದವಳು ನಾನಿನ್ನೂ ಅಲ್ಲೇ ನಿಂತದ್ದು ನೋಡಿ ಅಂದಳು:

‘ನೀ ಯಾಕ ನಿಂತಿ? ಹೋಗು, ಮದಿವಿ ಮಂದಿ ಕಾಯ್ತಾರ.’